ಬೋಟ್ ಎಂಜಿನ್‌ನ ಆಯಿಲ್‌ಗೆ ಡೀಸೆಲ್ ಸೇರುತ್ತಿದೆಯೇ? ಬಿಚ್ಚುವ ಮೊದಲು ಒಂದು ರಾತ್ರಿ ಕಾಯಿರಿ

ಹುಬ್ಬಳ್ಳಿಯಲ್ಲಿ ಸಮುದ್ರವಿಲ್ಲ. ಆದರೂ ಜೂನ್ ಬಂತೆಂದರೆ ನಮ್ಮ ಎಂಜಿನ್ ರಿಪೇರಿ ಶೆಡ್‌ನಲ್ಲಿ ಬೋಟ್‌ಗಳ ಮಾತು ಶುರುವಾಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ದೊಡ್ಡ ರಿಪೇರಿಗೆ ಅವರಿಗೆ ಸಿಗುವುದು ಅದೇ ಸಮಯ. ಅಂಕೋಲಾ, ಕಾರವಾರ ಕಡೆಯ ಕೆಲವು ಎಂಜಿನ್‌ಗಳು ಲಾರಿ ಹತ್ತಿ, ಅರಬೈಲ್ ಘಾಟ್ ಏರಿ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಬರುತ್ತವೆ. ಉಳಿದ ಹತ್ತು ತಿಂಗಳು ನಮ್ಮ ಕೈಯಲ್ಲಿ ಇರುವುದು ಲಾರಿ, ಟ್ರ್ಯಾಕ್ಟರ್, ಹೊಳೆ ದಂಡೆಯ ಪಂಪ್‌ಸೆಟ್.

ಈ ಎಲ್ಲ ಎಂಜಿನ್‌ಗಳಲ್ಲೂ ನಾನು ಕಂಡ ಒಂದು ದೋಷದ ಬಗ್ಗೆ ಬರೆಯುತ್ತಿದ್ದೇನೆ. ಆಯಿಲ್ ಹಾಕದೆಯೇ ಆಯಿಲ್ ಮಟ್ಟ ಏರುತ್ತದೆ. ಗೇಜ್ ಕಡ್ಡಿ ಎಳೆದರೆ ಮೇಲಿನ ಗೆರೆ ದಾಟಿರುತ್ತದೆ. ಹಾವೇರಿ ಕಡೆಯ ರೈತರೊಬ್ಬರು ಇದನ್ನು ನನಗೆ ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ: "ಅಣ್ಣಾರ, ನಮ್ಮ ಎಂಜಿನ್ ತಾನಾ ಎಣ್ಣಿ ಹಡಿಯಾಕತ್ತೈತಿ ನೋಡ್ರಿ."

ಎಂಜಿನ್ ಎಣ್ಣೆ ಹಡೆಯುವುದಿಲ್ಲ. ಏನೋ ಒಂದು ಒಳಗೆ ಸೇರುತ್ತಿದೆ. ಹೆಚ್ಚಿನ ಸಲ ಅದು ಡೀಸೆಲ್.

ಮೊದಲು ಅಪಾಯದ ಮಾತು ಹೇಳಿಬಿಡುತ್ತೇನೆ. ಡೀಸೆಲ್ ಸೇರಿದ ಆಯಿಲ್ ತೆಳುವಾಗುತ್ತದೆ. 15ಡಬ್ಲ್ಯೂ-40 ಆಯಿಲ್ 100 ಡಿಗ್ರಿ ಬಿಸಿಯಲ್ಲೂ ಕನಿಷ್ಠ 12.5 ಸೆಂಟಿಸ್ಟೋಕ್ ದಪ್ಪ ಇರಬೇಕು. ಡೀಸೆಲ್ ಬರೀ 40 ಡಿಗ್ರಿಯಲ್ಲೇ 2ರಿಂದ 4.5 ಅಷ್ಟೇ. ಇವೆರಡೂ ಬೆರೆತರೆ ಬೇರಿಂಗ್ ಮತ್ತು ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ಶಾಫ್ಟ್) ನಡುವಿನ ಎಣ್ಣೆ ಪದರ ಒಡೆದುಹೋಗುತ್ತದೆ. ಬಿಸಿಯಾದಾಗ ಆಯಿಲ್ ಪ್ರೆಶರ್ ಬೀಳುತ್ತದೆ. ಟರ್ಬೊ ಇದ್ದರೆ ಅದಕ್ಕೂ ಪೆಟ್ಟು.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಮಟ್ಟ ತುಂಬಾ ಏರಿದರೆ ಕ್ರ್ಯಾಂಕ್ ಆಯಿಲ್‌ಗೆ ಬಡಿದು ಮಂಜಿನ ಹಾಗೆ ಎಬ್ಬಿಸುತ್ತದೆ. ಆ ಮಂಜು ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಮೂಲಕ ಗಾಳಿ ಎಳೆಯುವ ಬಾಯಿಗೆ ಹೋದರೆ ಎಂಜಿನ್ ಅದನ್ನೇ ಉರಿಸಿಕೊಂಡು ಓಡತೊಡಗುತ್ತದೆ. ಆಗ ಸ್ಟಾಪ್ ಲಿವರ್ ಎಳೆದರೂ ನಿಲ್ಲದು. ವೇಗ ಏರುತ್ತಲೇ ಹೋಗುತ್ತದೆ. ಆ ಹೊತ್ತಿನಲ್ಲಿ ಇರುವ ದಾರಿ ಒಂದೇ, ಗಾಳಿಯ ಬಾಯಿಯನ್ನು ಗಟ್ಟಿ ಹಲಗೆ ಅಥವಾ ತಗಡಿನಿಂದ ಮುಚ್ಚುವುದು. ಕೈ ಒಡ್ಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಮಟ್ಟ ಮೇಲಿನ ಗೆರೆ ದಾಟಿದ ಎಂಜಿನ್ ಅನ್ನು "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ತಿರುಗಿಸಬೇಡಿ. ಮೊದಲು ಹೆಚ್ಚಾದದ್ದನ್ನು ಇಳಿಸಿ, ಅಳೆದು ಇಡಿ.

ಸೇರಿದ್ದು ಡೀಸೆಲ್ ಹೌದೋ ಅಲ್ಲವೋ

ಬೋಟ್‌ನಲ್ಲಿ ಈ ಪ್ರಶ್ನೆ ಲಾರಿಗಿಂತ ಮುಖ್ಯ. ಲಾರಿಯಲ್ಲಿ ಹೆಚ್ಚೆಂದರೆ ರೇಡಿಯೇಟರ್ ನೀರು ಸೇರಬಹುದು. ಬೋಟ್‌ನಲ್ಲಿ ಸಮುದ್ರದ ನೀರು ಎಳೆಯುವ ಪಂಪ್‌ನ ಸೀಲ್ ಹೋದರೂ ನೀರು ಒಳಗೆ ಬರುತ್ತದೆ. ಸೈಲೆನ್ಸರ್ ಪೈಪ್‌ನಿಂದ ಹಿಂದಕ್ಕೆ ನುಗ್ಗಿದರೂ ಬರುತ್ತದೆ. ಬಲೆ ಎಳೆಯುವ ವಿಂಚ್‌ಗೆ ಎಂಜಿನ್ನಿನ ಗೇರ್‌ನಿಂದಲೇ ತಿರುಗುವ ಹೈಡ್ರಾಲಿಕ್ ಪಂಪ್ ಇದ್ದರೆ, ಅದರ ಶಾಫ್ಟ್ ಸೀಲ್ ಸೋತು ಹೈಡ್ರಾಲಿಕ್ ಎಣ್ಣೆಯೂ ಚೇಂಬರ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯಬಹುದು. ಹಾಗಾದಾಗ ಮಟ್ಟ ಏರುತ್ತದೆ, ಆದರೆ ಡೀಸೆಲ್ ವಾಸನೆ ಇರುವುದಿಲ್ಲ. ವಿಂಚ್‌ನ ಟ್ಯಾಂಕ್ ಕಡಿಮೆ ಆಗಿದೆಯಾ ನೋಡಿದರೆ ಗೊತ್ತಾಗುತ್ತದೆ.

ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ ಸೇರಿದರೆ ಬಣ್ಣ ಬದಲಾಗುವುದಿಲ್ಲ, ಕಪ್ಪು ಕಪ್ಪಾಗಿಯೇ ಇರುತ್ತದೆ. ಬೆರಳಿಗೆ ತೆಳುವಾಗಿ ಸಿಗುತ್ತದೆ, ಕಡ್ಡಿಯಿಂದ ಬೇಗ ಬೇಗ ತೊಟ್ಟಿಕ್ಕುತ್ತದೆ.

ವಾಸನೆಯನ್ನು ನಂಬಬಹುದು, ಆದರೆ ನಿಮ್ಮ ಮೂಗನ್ನು ನಂಬಬೇಡಿ. ಬೆಳಿಗ್ಗೆಯಿಂದ ನಾಝಲ್ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ತೊಳೆದ ಕೈಗೆ ಎಲ್ಲವೂ ಡೀಸೆಲ್ ವಾಸನೆಯೇ. ನಾನು ಕಡ್ಡಿಯನ್ನು ಪಕ್ಕದ ಚಹಾ ಅಂಗಡಿಯ ಹುಡುಗನ ಮೂಗಿನ ಹತ್ತಿರ ಹಿಡಿಯುತ್ತೇನೆ. ಅವನು ಹೇಳಿದ್ದು ಈವರೆಗೆ ತಪ್ಪಿಲ್ಲ.

ವಾಸನೆಗಿಂತ ಗಟ್ಟಿ ಸಾಕ್ಷಿ ಕಾಗದ. ಬ್ಲಾಟಿಂಗ್ ಪೇಪರ್ ಅಥವಾ ಫಿಲ್ಟರ್ ಪೇಪರ್ ತೆಗೆದುಕೊಳ್ಳಿ. ಅದರ ಮೇಲೆ ಎಂಜಿನ್‌ನ ಆಯಿಲ್ ಒಂದು ಹನಿ ಬಿಡಿ. ಕಾಗದ ಮೇಜಿಗೆ ತಾಗದ ಹಾಗೆ ಒಂದು ಲೋಟದ ಬಾಯಿಯ ಮೇಲೆ ಇಟ್ಟು ಕೆಲವು ಗಂಟೆ ಬಿಡಿ. ಮಸಿ ನಡುವೆ ನಿಲ್ಲುತ್ತದೆ, ಆಯಿಲ್ ಸುತ್ತ ಹರಡುತ್ತದೆ. ಡೀಸೆಲ್ ಇದ್ದರೆ ಅದು ಆಯಿಲ್‌ಗಿಂತ ಬೇಗ, ದೂರ ಓಡಿ ಎಲ್ಲಕ್ಕಿಂತ ಹೊರಗೆ ಒಂದು ತಿಳಿಯಾದ ಉಂಗುರ ಬಿಡುತ್ತದೆ. ಆದರೆ ಒಂದೇ ಹನಿ ನೋಡಿ ತೀರ್ಮಾನ ಮಾಡಬೇಡಿ. ಅದೇ ಬ್ರ್ಯಾಂಡ್‌ನ ಹೊಸ ಆಯಿಲ್ ಒಂದು ಹನಿ ಪಕ್ಕದಲ್ಲಿ ಇಡಿ. ಜೊತೆಗೆ 95 ಮಿಲಿ ಹೊಸ ಆಯಿಲ್‌ಗೆ ಸಿರಿಂಜ್‌ನಲ್ಲಿ 5 ಮಿಲಿ ಡೀಸೆಲ್ ಸೇರಿಸಿ ಕಲಸಿ, ಅದರದೂ ಒಂದು ಹನಿ ಇಡಿ. ಈಗ ನಿಮ್ಮ ಹನಿ ಯಾವುದಕ್ಕೆ ಹತ್ತಿರ ಇದೆ ಅಂತ ಕಣ್ಣಿಗೇ ಕಾಣುತ್ತದೆ. 5 ಯಾಕೆ ಅಂದರೆ, ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 2 ದಾಟಿದರೆ ಗಮನಿಸಿ ಅನ್ನುತ್ತಾರೆ, 5ರ ಹತ್ತಿರ ಬಂದರೆ ಆಯಿಲ್ ಇಳಿಸಿ ಅನ್ನುತ್ತಾರೆ. 14 ಲೀಟರ್ ಹಿಡಿಯುವ ಚೇಂಬರ್‌ನಲ್ಲಿ ಮುಕ್ಕಾಲು ಲೀಟರ್ ಡೀಸೆಲ್ ಸೇರಿದರೆ ಅಲ್ಲಿಗೆ ಬಂದಾಯಿತು.

ಎರಡು ಬಾಟಲಿಯ ಪರೀಕ್ಷೆಯೂ ಒಳ್ಳೆಯದು. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ. ಒಂದರಲ್ಲಿ ಹೊಸ ಆಯಿಲ್, ಇನ್ನೊಂದರಲ್ಲಿ ಎಂಜಿನ್‌ನದು. ಎರಡರಲ್ಲೂ ಕತ್ತಿನ ಹತ್ತಿರ ಅಷ್ಟೇ ಜಾಗ ಖಾಲಿ. ಎರಡೂ ಒಂದೇ ಬಿಸಿಗೆ ಬರಲಿ, ಅಂದರೆ ಒಂದು ರಾತ್ರಿ ಜೊತೆಗೇ ಇಡಿ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ. ಗಾಳಿಯ ಗುಳ್ಳೆ ಯಾವುದರಲ್ಲಿ ಬೇಗ ಏರುತ್ತದೋ ಅದು ತೆಳು. ಓಡಿದ ಆಯಿಲ್ ಮಸಿ ಕುಡಿದು ಸ್ವಲ್ಪ ದಪ್ಪವೇ ಆಗಬೇಕು. ಅದು ಹೊಸದಕ್ಕಿಂತ ತೆಳುವಾಗಿದ್ದರೆ ಅನುಮಾನವೇ ಬೇಡ.

ಆಯಿಲ್ ಯಾವಾಗ ಏರುತ್ತದೆ?

ಇಷ್ಟಾದ ಮೇಲೆ ಹೆಚ್ಚಿನವರು ಸ್ಪ್ಯಾನರ್ ಹಿಡಿಯುತ್ತಾರೆ. ದಯವಿಟ್ಟು ಹಿಡಿಯಬೇಡಿ. ಈ ದೋಷಕ್ಕೆ ಒಂದೇ ಒಂದು ಪ್ರಶ್ನೆ ಅರ್ಧ ಉತ್ತರ ಕೊಡುತ್ತದೆ: ಆಯಿಲ್ ಏರುವುದು ಎಂಜಿನ್ ಓಡುವಾಗಲೋ, ನಿಂತಾಗಲೋ?

ಯೋಚಿಸಿ ನೋಡಿ. ನಿಂತ ಎಂಜಿನ್‌ನಲ್ಲಿ ನಾಝಲ್‌ಗೆ ಒತ್ತಡವಿಲ್ಲ, ಸೂಜಿ ಮುಚ್ಚಿರುತ್ತದೆ. ಅಲ್ಲಿಂದ ರಾತ್ರಿಯೆಲ್ಲ ಡೀಸೆಲ್ ಇಳಿಯುವ ಸಾಧ್ಯತೆ ಬಹಳ ಕಡಿಮೆ. ನಿಂತಾಗ ಏರಿದರೆ ಟ್ಯಾಂಕ್ ಎಂಜಿನ್‌ಗಿಂತ ಎತ್ತರದಲ್ಲಿದೆ, ಡೀಸೆಲ್ ತನ್ನ ಭಾರಕ್ಕೇ ಇಳಿಯುತ್ತಿದೆ. ಹಾಗೆ ಇಳಿಯಲು ದಾರಿ ಇರುವುದು ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್‌ನ ಡಯಾಫ್ರಾಮ್ (ಬಾಗುವ ಪರದೆ), ನಾಝಲ್‌ಗೆ ಒತ್ತಡದಲ್ಲಿ ಕೊಡುವ ಡೀಸೆಲ್ ಪಂಪ್‌ನ ಶಾಫ್ಟ್ ಸೀಲ್, ಅಥವಾ ಆ ಪಂಪ್‌ನೊಳಗೆ ಡೀಸೆಲ್ ತಳ್ಳುವ ಪ್ಲಂಜರ್ ಸವೆದಿದ್ದರೆ ಅದು. ಬರೀ ಓಡುವಾಗ ಏರಿದರೆ ಆ ಮೂರರ ಜೊತೆಗೆ ನಾಝಲ್ ಮತ್ತು ಎಂಜಿನ್ ತಲೆಯ ಟ್ಯಾಪೆಟ್ ಕವರ್ ಒಳಗಿನ ರಿಟರ್ನ್ ಪೈಪ್ (ಹೆಚ್ಚಾದ ಡೀಸೆಲ್ ಟ್ಯಾಂಕ್‌ಗೆ ಮರಳುವ ಪೈಪ್) ಕೂಡ ಲೆಕ್ಕಕ್ಕೆ ಬರುತ್ತವೆ.

ಇದನ್ನು ನನಗೆ ಕಲಿಸಿದ್ದು ಪಂಪ್‌ಸೆಟ್. ಗಳಗನಾಥದ ಹತ್ತಿರ ವರದಾ ಹೊಳೆ ತುಂಗಭದ್ರೆಗೆ ಸೇರುತ್ತದೆ. ಆ ಕಡೆಯ ಹೊಲಗಳಿಗೆ ನೀರೆತ್ತುವ ಒಂದೇ ಸಿಲಿಂಡರ್‌ನ ಎಂಜಿನ್‌ಗಳಲ್ಲಿ ಡೀಸೆಲ್ ಟ್ಯಾಂಕ್ ತಲೆಯ ಮೇಲೆ ಕೂತಿರುತ್ತದೆ. ಡೀಸೆಲ್ ಪಂಪ್ ನೇರ ಕ್ರ್ಯಾಂಕ್‌ಕೇಸ್ ಮೇಲೆ. ಪ್ಲಂಜರ್ ಸವೆದರೆ ಡೀಸೆಲ್ ಅದರ ಪಕ್ಕದಿಂದ ಜಾರಿ ನೇರ ಆಯಿಲ್‌ಗೆ ಬೀಳುತ್ತದೆ. ಮೊದಲು ಹೇಳಿದ ರೈತರ ಎಂಜಿನ್ ಹಾಗೇ ಇತ್ತು. ಅವರಿಗೆ ನಮ್ಮ ಉಸ್ತಾದರು ಹೇಳಿದ್ದು ಇಷ್ಟೇ: "ಕಾಕಾ, ಇವತ್ತ್ ರಾತ್ರಿ ಡೀಸೆಲ್ ಕಾಕ್ ಬಂದ್ ಮಾಡ್ರಿ. ಮುಂಜಾನೆ ಗೇಜ್ ನೋಡ್ರಿ. ಆಮ್ಯಾಲ ಮಾತಾಡೋಣು." ಕಾಕ್ ಬಂದ್ ಮಾಡಿದ ರಾತ್ರಿ ಏರಲಿಲ್ಲ. ತೆರೆದಿಟ್ಟ ರಾತ್ರಿ ಏರಿತು. ಎಂಜಿನ್ ಮುಟ್ಟದೆಯೇ ದೋಷ ಎಲ್ಲಿದೆ ಅಂತ ತಿಳಿಯಿತು.

ಬೋಟ್‌ನಲ್ಲೂ ಇದನ್ನೇ ಮಾಡಿ. ಸಂಜೆ ಎಂಜಿನ್ ನಿಲ್ಲಿಸಿ, ಆಯಿಲ್ ಪೂರ್ತಿ ಕೆಳಗಿಳಿಯಲು ಅರ್ಧ ಗಂಟೆ ಬಿಟ್ಟು ಗೇಜ್ ನೋಡಿ. ಕಡ್ಡಿಯ ಮೇಲೆ ಸೂಜಿಯಿಂದ ಗೆರೆ ಎಳೆಯಿರಿ. ಒಂದು ರಾತ್ರಿ ಕಾಕ್ ತೆರೆದಿಡಿ, ಮರುದಿನ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಿ. ಆದರೆ ಬೋಟ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಎಂಜಿನ್ ಶಾಫ್ಟ್‌ನ ಓರೆಗೆ ತಕ್ಕಂತೆ ಹಿಂದಕ್ಕೆ ವಾಲಿ ಕೂತಿರುತ್ತದೆ. ಮೀನು, ಐಸ್ ತುಂಬಿದಾಗ ಒಂದು ವಾಲಿಕೆ, ಖಾಲಿ ಇದ್ದಾಗ ಇನ್ನೊಂದು. ಅಷ್ಟಕ್ಕೇ ಕಡ್ಡಿಯಲ್ಲಿ ಆಯಿಲ್ ಏರಿದ ಹಾಗೆ, ಇಳಿದ ಹಾಗೆ ಕಾಣುತ್ತದೆ. ಎರಡೂ ಸಲ ಅದೇ ಜಾಗ, ಅದೇ ಭಾರ ಇರಲಿ.

ಅಂಕೋಲಾದ ಎಂಜಿನ್

ಈಗ ನಾನು ತಪ್ಪಿದ ಕಥೆ. ಆರು ಸಿಲಿಂಡರ್‌ನ ಎಂಜಿನ್. ನಮ್ಮಲ್ಲಿಗೆ ಬರುವ ಮೊದಲೇ ಬೇರೊಂದು ಕಡೆ ಎರಡು ಸಲ ಬಿಚ್ಚಿದ್ದರು. ಮೊದಲ ಸಲ ಆರೂ ನಾಝಲ್ ಹೊಸದು. ಎರಡನೇ ಸಲ ಪಿಸ್ಟನ್ ರಿಂಗ್, ಸಿಲಿಂಡರ್ ಲೈನರ್. ಬೋಟ್ ಮಾಲೀಕರು ಸೋತ ಧ್ವನಿಯಲ್ಲಿ ಹೇಳಿದರು: "ಇಷ್ಟು ಹಣ ಹಾಕಿದೆ ಮೇಸ್ತ್ರಿ. ಮತ್ತೂ ಏರ್ತದೆ."

ನಾವು ಎಂಜಿನ್ ಅನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆವು. ನೆಲದ ಮೇಲಿಟ್ಟ ಡಬ್ಬಿಯಿಂದ ಡೀಸೆಲ್ ಕೊಟ್ಟೆವು. ರಿಟರ್ನ್ ಪೈಪನ್ನೂ ಅದೇ ಡಬ್ಬಿಗೆ ಬಿಟ್ಟೆವು. ನಾಲ್ಕು ಗಂಟೆ ಓಡಿಸಿದೆವು. ಆಯಿಲ್ ಏರಲಿಲ್ಲ. ಮರುದಿನ ಮತ್ತೆ ನಾಲ್ಕು ಗಂಟೆ. ಏರಲಿಲ್ಲ. ಹೊಗೆ ಚೆನ್ನಾಗಿದೆ, ಪ್ರೆಶರ್ ಚೆನ್ನಾಗಿದೆ. ಎಂಜಿನ್ ಸರಿ ಇದೆ ಅಂತ ನಾನು ಕಳಿಸಿಬಿಟ್ಟೆ. ಬೋಟ್‌ಗೆ ಹಾಕಿದ ಮೂರನೇ ದಿನ ಫೋನ್ ಬಂತು. ಒಂದು ಲೀಟರ್‌ಗೂ ಜಾಸ್ತಿ ಏರಿದೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಡಲಿನಲ್ಲಿ ಬೇರಿಂಗ್ ಹಿಡಿದುಕೊಂಡರೆ ಬೋಟ್‌ನಲ್ಲಿರುವ ಏಳೆಂಟು ಜನರ ಗತಿ ಏನು? ಬೆಳಿಗ್ಗೆ ಬಸ್ ಹತ್ತಿ ಅಂಕೋಲಾಕ್ಕೆ ಹೋದೆ. ಎಂಜಿನ್ ಕೋಣೆಗೆ ಇಳಿದಾಗ ಎಂಜಿನ್ ನೋಡುವ ಮೊದಲು ತಲೆಗೆ ಟ್ಯಾಂಕ್ ತಾಗಿತು. ಅದು ಮೇಲಿನ ಹಲಗೆಗೆ ಸಿಕ್ಕಿಸಿದ ಟ್ಯಾಂಕ್, ಎಂಜಿನ್‌ಗಿಂತ ಸುಮಾರು ಆರು ಅಡಿ ಎತ್ತರದಲ್ಲಿತ್ತು. ಬೋಟ್ ನಡೆಸುವ ತಾಂಡೇಲರನ್ನು ಕೇಳಿದೆ, ಇದು ಮೊದಲಿನಿಂದ ಇಲ್ಲೇ ಇತ್ತಾ? ಇಲ್ಲವಂತೆ. ಹೋದ ಸೀಸನ್‌ನಲ್ಲಿ ಕೆಳಗಿನ ಟ್ಯಾಂಕ್ ತುಕ್ಕು ಹಿಡಿದಿತ್ತು, ಆಗ ಮೇಲೆ ಹೊಸದು ಕಟ್ಟಿಸಿದ್ದು. ಆಯಿಲ್ ಏರಲು ಶುರುವಾಗಿದ್ದು? ಅದಾದ ಕೆಲವೇ ವಾರಕ್ಕೆ.

ರಿಟರ್ನ್ ಪೈಪನ್ನು ಹಿಂಬಾಲಿಸಿದೆ. ಅದು ಟ್ಯಾಂಕ್‌ನ ಮೇಲ್ಭಾಗಕ್ಕೆ ಹೋಗಿರಲಿಲ್ಲ. ತಳದ ಹತ್ತಿರದ ಒಂದು ತೂತಿಗೆ ಸೇರಿಸಿದ್ದರು, ಅದಕ್ಕೆ ಕಾಕ್ ಕೂಡ ಇರಲಿಲ್ಲ.

ಆ ಎಂಜಿನ್‌ನಲ್ಲಿ ಇದ್ದದ್ದು ರೋಟರಿ ಡೀಸೆಲ್ ಪಂಪ್. ಅದರ ಹೊಟ್ಟೆಯೊಳಗೆ ಸದಾ ಡೀಸೆಲ್ ತುಂಬಿರುತ್ತದೆ, ಹೆಚ್ಚಾದದ್ದು ರಿಟರ್ನ್ ಪೈಪ್‌ನಲ್ಲಿ ಹೊರಗೆ ಹೋಗುತ್ತದೆ. ಮುಂದೆ ಟೈಮಿಂಗ್ ಗೇರ್ ಕಡೆಗೆ ಹೋಗುವ ಶಾಫ್ಟ್‌ಗೆ ರಬ್ಬರ್ ಸೀಲ್. ಸೀಲ್‌ನ ಈ ಕಡೆ ಡೀಸೆಲ್, ಆ ಕಡೆ ಎಂಜಿನ್ ಆಯಿಲ್. ನಮ್ಮ ಶೆಡ್‌ನಲ್ಲಿ ರಿಟರ್ನ್ ಡೀಸೆಲ್ ಸಲೀಸಾಗಿ ಕೆಳಗಿನ ಡಬ್ಬಿಗೆ ಬೀಳುತ್ತಿತ್ತು. ಪಂಪ್‌ನ ಹೊಟ್ಟೆಯಲ್ಲಿ ಒತ್ತಡವೇ ಇರಲಿಲ್ಲ, ಸೋತ ಸೀಲ್ ಕೂಡ ತಡೆದುಕೊಂಡಿತು. ಬೋಟ್‌ನಲ್ಲಿ ಆರು ಅಡಿ ಡೀಸೆಲ್‌ನ ಭಾರ ರಿಟರ್ನ್ ದಾರಿಯಿಂದಲೇ ಹಿಂದಕ್ಕೆ ಬಂದು ಆ ಸೀಲ್ ಮೇಲೆ ಕೂತಿತ್ತು. ಓಡುವಾಗಲೂ ಕೂತಿತ್ತು, ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆಯಲ್ಲಿ) ನಿಂತಾಗಲೂ ಕೂತಿತ್ತು. ಲೆಕ್ಕ ಹಾಕಿದರೆ ಅದು 0.15 ಬಾರ್ ಅಷ್ಟೇ. ಆದರೆ ದಿನಕ್ಕೆ 24 ಗಂಟೆ.

ಮುಖ್ಯ ಡೀಸೆಲ್ ಕಾಕ್ ಮುಚ್ಚಿದರೂ ಇದು ನಿಲ್ಲುತ್ತಿರಲಿಲ್ಲ, ಯಾಕೆಂದರೆ ಬರುತ್ತಿದ್ದದ್ದು ರಿಟರ್ನ್ ಕಡೆಯಿಂದ. ಆದ್ದರಿಂದ ರಾತ್ರಿಯ ಪರೀಕ್ಷೆಯಲ್ಲಿ ಎರಡೂ ಪೈಪ್ ಮುಚ್ಚಬೇಕು. ರಿಟರ್ನ್‌ಗೆ ಕಾಕ್ ಇಲ್ಲದಿದ್ದರೆ ಪಂಪ್ ಹತ್ತಿರ ಪೈಪ್ ಕಳಚಿ ಎರಡೂ ತುದಿಗೆ ಬಿರಡೆ ಹಾಕಿ. ಬೆಳಿಗ್ಗೆ ಅದನ್ನು ಮತ್ತೆ ಸೇರಿಸದೆ ಎಂಜಿನ್ ಓಡಿಸಬೇಡಿ. ರಿಟರ್ನ್ ಮುಚ್ಚಿ ಓಡಿಸಿದರೆ ಪಂಪ್‌ನೊಳಗಿನ ಒತ್ತಡ ಏರಿ ಒಳ್ಳೆಯ ಸೀಲ್ ಕೂಡ ಹೋಗುತ್ತದೆ. ಮಡಚಿದ, ಜಜ್ಜಿದ ರಿಟರ್ನ್ ಪೈಪ್ ಮಾಡುವುದೂ ಇದನ್ನೇ. ಸೀಲ್ ಬದಲಾಯಿಸಿದ ಮೇಲೂ ಮತ್ತೆ ಮತ್ತೆ ಹೋಗುತ್ತಿದ್ದರೆ ಮೊದಲು ಆ ಪೈಪ್ ಊದಿ ನೋಡಿ.

ಪಂಪ್ ಬಿಚ್ಚಿ ಹುಬ್ಬಳ್ಳಿಗೆ ತಂದೆ. ಎಲ್ಲ ಬಾಯಿ ಮುಚ್ಚಿ, ರಿಟರ್ನ್ ಬಾಯಿಂದ ಸುಮಾರು 1 ಬಾರ್ ಗಾಳಿ ಕೊಟ್ಟು, ಶುದ್ಧ ಡೀಸೆಲ್ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿದೆವು. ಶಾಫ್ಟ್ ಸುತ್ತ ಗುಳ್ಳೆಗಳು ಸಾಲಾಗಿ ಎದ್ದವು. ಸೀಲ್‌ನ ತುಟಿ ಗಟ್ಟಿಯಾಗಿ, ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಇಂಥ ಶಾಫ್ಟ್‌ಗೆ ಹೊಸ ಸೀಲ್ ಮಾತ್ರ ಹಾಕಿದರೆ ಬಾಳುವುದಿಲ್ಲ, ಶಾಫ್ಟ್ ಕೂಡ ಬದಲಾಗಬೇಕು. ಬದಲಾಯಿಸಿದೆವು. ಬೋಟ್‌ನಲ್ಲಿ ರಿಟರ್ನ್ ಪೈಪನ್ನು ಟ್ಯಾಂಕ್‌ನ ಮೇಲಿನ ಮುಚ್ಚಳಕ್ಕೆ, ಡೀಸೆಲ್ ಮಟ್ಟಕ್ಕಿಂತ ಮೇಲೆ ಸೇರಿಸಿದೆವು.

ರಿಂಗ್, ಲೈನರ್, ನಾಝಲ್‌ಗೆ ಹಾಕಿದ ಹಣ ವಾಪಸ್ ಬರಲಿಲ್ಲ. ನಾನು ಮೊದಲ ದಿನವೇ "ಬೋಟ್‌ನಲ್ಲಿ ಟ್ಯಾಂಕ್ ಎಲ್ಲಿದೆ, ಇತ್ತೀಚೆಗೆ ಏನು ಬದಲಾಯಿಸಿದಿರಿ" ಅಂತ ಕೇಳಿದ್ದರೆ ಒಂದು ಲಾರಿ ಬಾಡಿಗೆಯಾದರೂ ಉಳಿಯುತ್ತಿತ್ತು. ಈಗ ಶೆಡ್‌ನಲ್ಲಿ ಬೋಟ್ ಎಂಜಿನ್ ಓಡಿಸುವಾಗ ಡೀಸೆಲ್ ಡಬ್ಬಿಯನ್ನು ಬೋಟ್‌ನಲ್ಲಿ ಟ್ಯಾಂಕ್ ಇರುವಷ್ಟೇ ಎತ್ತರಕ್ಕೆ ಕಟ್ಟುತ್ತೇನೆ. ಗೇಜ್ ಕಡ್ಡಿಯನ್ನೂ ನಂಬುವುದಿಲ್ಲ, ಸ್ಟ್ಯಾಂಡ್ ಮೇಲೆ ಎಂಜಿನ್ ಸಪಾಟಾಗಿ ಕೂತಿರುತ್ತದಲ್ವಾ. ಅಳೆದು ಹಾಕುತ್ತೇನೆ, ಅಳೆದು ಇಳಿಸುತ್ತೇನೆ.

ಉಳಿದ ದಾರಿಗಳು

ಫೀಡ್ ಪಂಪ್ ಬಗ್ಗೆ ಮೊದಲು ಹೇಳಬೇಕು, ಯಾಕೆಂದರೆ ಸಣ್ಣ ಬೋಟ್ ಎಂಜಿನ್‌ಗಳಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೇ. ಕ್ಯಾಮ್‌ಶಾಫ್ಟ್‌ನಿಂದ ಅಲುಗುವ, ಎಂಜಿನ್ ಪಕ್ಕಕ್ಕೆ ಎರಡು ಬೋಲ್ಟ್‌ನಲ್ಲಿ ಕೂತ ಡಯಾಫ್ರಾಮ್ ಪಂಪ್ ಅದು. ಡಯಾಫ್ರಾಮ್ ಹರಿದರೆ ಡೀಸೆಲ್ ನೇರ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಆಯಿಲ್ ಬಹಳ ಬೇಗ ಏರುತ್ತದೆ, ಎಂಜಿನ್ ಮಾತ್ರ ಚೆನ್ನಾಗಿ ಓಡುತ್ತಿರುತ್ತದೆ. ಹೊಗೆ ಇಲ್ಲ, ಸದ್ದು ಇಲ್ಲ. ಇದೇ ಮೋಸ. ಕೆಲವು ಪಂಪ್‌ಗಳ ಹೊಟ್ಟೆಯಲ್ಲಿ ಸಣ್ಣ ಸೋರು ತೂತು ಇರುತ್ತದೆ. ಡಯಾಫ್ರಾಮ್ ಹೋದರೆ ಡೀಸೆಲ್ ಹೊರಗೆ ಕಾಣಲಿ ಅಂತಲೇ ಇಟ್ಟದ್ದು. ತುಕ್ಕು ಹಿಡಿಯದಿರಲಿ ಅಂತ ಬೋಟ್ ಎಂಜಿನ್‌ಗೆ ಪ್ರತಿ ವರ್ಷ ಬಣ್ಣ ಬಳಿಯುತ್ತಾರೆ, ಆ ತೂತು ಬಣ್ಣದಲ್ಲಿ ಮುಚ್ಚಿಹೋಗಿರುತ್ತದೆ. ಪಿನ್ನಿನಿಂದ ಬಿಡಿಸಿ ನೋಡಿ.

ಪರೀಕ್ಷೆ ಸುಲಭ. ಪಂಪ್ ಬಿಚ್ಚಿ, ಹೊರಬಾಯಿಗೆ ಬೆರಳಿಟ್ಟು, ಕೈಯಿಂದ ಲಿವರ್ ಆಡಿಸಿ. ಒತ್ತಡ ನಿಲ್ಲಬೇಕು. ಲಿವರ್ ಕಡೆಯಿಂದ ಒಂದು ಹನಿ ಡೀಸೆಲ್ ಬಂದರೂ ಪಂಪ್ ಹೋಗಿದೆ. ಬಿಚ್ಚದೆ ನೋಡಬೇಕೆಂದರೆ ಪಂಪ್ ಬಿಟ್ಟು ಎತ್ತರದ ಡಬ್ಬಿಯಿಂದ ನೇರ ಫಿಲ್ಟರ್‌ಗೆ ಪೈಪ್ ಕೊಟ್ಟು ಓಡಿಸಿ. ಆಯಿಲ್ ಏರುವುದು ನಿಂತರೆ ಉತ್ತರ ಸಿಕ್ಕಿತು.

ಲಾರಿ ಎಂಜಿನ್‌ನಲ್ಲಿ ಕಾಣುವ ಉದ್ದನೆಯ ಇನ್‌ಲೈನ್ ಪಂಪ್ ಬೇರೆ ಥರ. ಅದರ ಕ್ಯಾಮ್ ಕೋಣೆಗೆ ಕೆಲವು ಎಂಜಿನ್‌ಗಳಲ್ಲಿ ಎಂಜಿನ್ ಆಯಿಲ್ ಹೋಗಿ ಬರುತ್ತದೆ, ಕೆಲವದರಲ್ಲಿ ಅದಕ್ಕೇ ಪ್ರತ್ಯೇಕ ಆಯಿಲ್ ಇರುತ್ತದೆ. ಪ್ರತ್ಯೇಕ ಇದ್ದರೆ ಪಂಪ್‌ನ ಆಯಿಲ್ ನೋಡಿ. ಅಲ್ಲಿ ಡೀಸೆಲ್ ತುಂಬಿದ್ದರೂ ಎಂಜಿನ್ ಆಯಿಲ್ ಚೆನ್ನಾಗಿರಬಹುದು. ಒಂದೇ ಆಯಿಲ್ ಆಗಿದ್ದರೆ ಸವೆದ ಪ್ಲಂಜರ್, ಅಥವಾ ಪಂಪ್ ಪಕ್ಕಕ್ಕೆ ಕೂತ ಫೀಡ್ ಪಂಪ್‌ನ ಒಳ ಕಡ್ಡಿ ಸವೆದು ಡೀಸೆಲ್ ಜಾರಬಹುದು. ಇದನ್ನು ಪಂಪ್ ಟೆಸ್ಟ್ ಬೆಂಚ್ ಇರುವ ಅಂಗಡಿಗೇ ಕೊಡಿ.

ನಾಝಲ್ ಕೆಟ್ಟರೆ ಎಂಜಿನ್ ಸುಮ್ಮನಿರುವುದಿಲ್ಲ, ಹೇಳುತ್ತದೆ. ಸೂಜಿ ಸರಿಯಾಗಿ ಮುಚ್ಚದಿದ್ದರೆ ಡೀಸೆಲ್ ಸಿಂಪಡಣೆ ಆಗದೆ ತೊಟ್ಟಿಕ್ಕುತ್ತದೆ. ಉರಿಯದ ಡೀಸೆಲ್ ಲೈನರ್ ಗೋಡೆಯ ಎಣ್ಣೆಯನ್ನು ತೊಳೆದು ರಿಂಗ್ ದಾಟಿ ಕೆಳಗಿಳಿಯುತ್ತದೆ. ಜೊತೆಗೆ ಬಿಳಿ ಅಥವಾ ಕಪ್ಪು ಹೊಗೆ, ಒಂದು ಸಿಲಿಂಡರ್‌ನಲ್ಲಿ ಬಡಿತ, ಐಡಲ್‌ನಲ್ಲಿ ನಡುಕ ಇರುತ್ತದೆ. ಹಳೆಯ ಮೆಕ್ಯಾನಿಕಲ್ ಎಂಜಿನ್ ಆದರೆ ಐಡಲ್‌ನಲ್ಲಿ ಒಂದೊಂದೇ ನಾಝಲ್ ಪೈಪ್‌ನ ನಟ್ ಸಡಿಲಿಸಿ ನೋಡಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸರಿ ಇಲ್ಲ. ಕಾಮನ್ ರೈಲ್ ಎಂಜಿನ್‌ನಲ್ಲಿ, ಅಂದರೆ ಎಲ್ಲ ನಾಝಲ್‌ಗೂ ಒಂದೇ ಭಾರೀ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಹೊಸ ಥರದ ಎಂಜಿನ್‌ನಲ್ಲಿ, ಇದನ್ನು ಖಂಡಿತ ಮಾಡಬೇಡಿ. ಅಲ್ಲಿನ ಒತ್ತಡ ಚರ್ಮ ಸೀಳಿ ಡೀಸೆಲ್ ಒಳಗೆ ತೂರಿಸುತ್ತದೆ.

ನಾಝಲ್ ಟೆಸ್ಟರ್‌ನಲ್ಲಿ ಹಾಕಿದಾಗ, ಅದು ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆ ಇಟ್ಟು 10 ಸೆಕೆಂಡ್ ಹಿಡಿಯಿರಿ. ತುದಿಯಲ್ಲಿ ಹನಿ ಕಟ್ಟಿ ಬೀಳಬಾರದು. ಸಿಂಪಡಣೆಯ ಮುಂದೆ ಕೈ ಇಡಬೇಡಿ, ಟೆಸ್ಟರ್‌ನ ಒತ್ತಡವೂ ಚರ್ಮದೊಳಗೆ ಹೋಗುತ್ತದೆ.

ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ನಾಝಲ್‌ನ ರಿಟರ್ನ್ ಪೈಪ್ ಟ್ಯಾಪೆಟ್ ಕವರ್ ಒಳಗಡೆಯೇ ಹಾದು ಹೋಗುತ್ತದೆ. ಅದು ಬಿರುಕು ಬಿಟ್ಟರೆ, ತಾಮ್ರದ ವಾಷರ್ ಸರಿಯಾಗಿ ಕೂರದಿದ್ದರೆ, ಡೀಸೆಲ್ ರಾಕರ್ ಮೇಲೆ ಬಿದ್ದು ಆಯಿಲ್ ಜೊತೆ ಚೇಂಬರ್‌ಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದು. ನಾಝಲ್ ಬದಲಾಯಿಸಿದ ಮೇಲೆ ಆಯಿಲ್ ಏರಲು ಶುರುವಾದರೆ ಮೊದಲು ಇಲ್ಲಿ ನೋಡಿ, ಹಳೆಯ ವಾಷರನ್ನೇ ಮತ್ತೆ ಹಾಕಿರುತ್ತಾರೆ. ಕವರ್ ತೆಗೆದು, ರಾಕರ್ ಮೇಲಿನ ಆಯಿಲ್ ಒರೆಸಿ, ಐಡಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ ಟಾರ್ಚ್ ಹಾಕಿ ನೋಡಿದರೆ ತೆಳು ಡೀಸೆಲ್ ಹರಿಯುವುದು ಕಾಣುತ್ತದೆ. ಕಾಣದಿದ್ದರೆ ಡೀಸೆಲ್‌ಗೆ ಹಾಕುವ ಹೊಳೆಯುವ ಬಣ್ಣ ಸಿಗುತ್ತದೆ, ಜೊತೆಗೆ ನೇರಳಾತೀತ (ಯುವಿ) ಬೆಳಕಿನ ಟಾರ್ಚ್. ಬಣ್ಣವನ್ನು ಇಡೀ ಟ್ಯಾಂಕ್‌ಗೆ ಸುರಿಯಬೇಡಿ, ಸಣ್ಣ ಡಬ್ಬಿಯ ಡೀಸೆಲ್‌ಗೆ ಹಾಕಿ ಅದರಿಂದ ಓಡಿಸಿ. ಕತ್ತಲಲ್ಲಿ ಸೋರುವ ಜಾಗ ತಾನೇ ಮಿನುಗುತ್ತದೆ.

ಯಾವ ಭಾಗವೂ ಕೆಡದೆ ಡೀಸೆಲ್ ಸೇರುವುದೂ ಉಂಟು. ಕೆಲವು ಬೋಟ್‌ಗಳು ಬಲೆ ಬಿಟ್ಟು ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲುತ್ತವೆ. ಎಂಜಿನ್ ತಣ್ಣಗಿದ್ದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ನೇರ ಸಮುದ್ರದ ನೀರಿನಿಂದಲೇ ತಣ್ಣಗಾಗುವ ಎಂಜಿನ್‌ಗಳನ್ನು ಉಪ್ಪು ಕಟ್ಟದಿರಲಿ ಅಂತ 60 ಡಿಗ್ರಿ ಆಸುಪಾಸಿನಲ್ಲೇ ಓಡಿಸುತ್ತಾರೆ, ಅವುಗಳಲ್ಲಿ ಇದು ಇನ್ನೂ ಜಾಸ್ತಿ. ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರೆ ಕೇಳುವುದೇ ಬೇಡ. ಪೆಟ್ರೋಲ್ ಆಗಿದ್ದರೆ ಆಯಿಲ್ ಬಿಸಿಯಾದಾಗ ಹಾರಿಹೋಗುತ್ತದೆ. ಡೀಸೆಲ್ ಕುದಿಯಲು ಶುರುವಾಗುವುದೇ ಸುಮಾರು 160 ಡಿಗ್ರಿಯ ಮೇಲೆ, ಚೇಂಬರ್ ಅಷ್ಟು ಬಿಸಿಯಾಗುವುದಿಲ್ಲ. ಒಳಗೆ ಬಂದದ್ದು ಒಳಗೇ ಉಳಿಯುತ್ತದೆ. ಆದರೆ ಹೀಗೆ ಸೇರುವುದು ನಿಧಾನ. ಎರಡು ಮೂರು ದಿನದಲ್ಲಿ ಲೀಟರ್ ಏರಿದರೆ ಐಡಲ್ ಮೇಲೆ ಹೊರಿಸಬೇಡಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ

ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಾಯಿಸಿ. "ಹೆಚ್ಚಾದದ್ದು ಇಳಿಸಿದ್ದೇನೆ, ಉಳಿದದ್ದು ನಡೆಯುತ್ತೆ" ಅನ್ನಬೇಡಿ, ಇಳಿಸಿದ್ದರಲ್ಲೂ ಉಳಿದದ್ದರಲ್ಲೂ ಡೀಸೆಲ್ ಅಷ್ಟೇ ಬೆರೆತಿದೆ. ಹಳೆಯ ಫಿಲ್ಟರ್ ಸೀಳಿ ಕಾಗದದ ಮಡಿಕೆ ಬಿಡಿಸಿ ನೋಡಿ. ತಾಮ್ರದ ಅಥವಾ ಬೆಳ್ಳಿಯ ಹೊಳಪಿನ ಚೂರು ಕಂಡರೆ ಬೇರಿಂಗ್ ಸವೆದಿದೆ, ಚೇಂಬರ್ ಇಳಿಸಿ ನೋಡಲೇಬೇಕು. ಇಳಿಸಿದ ಆಯಿಲ್‌ನಲ್ಲಿ ಡೀಸೆಲ್ ಇರುವುದರಿಂದ ಅದು ಮಾಮೂಲಿ ಸುಟ್ಟ ಎಣ್ಣೆಗಿಂತ ಬೇಗ ಬೆಂಕಿ ಹಿಡಿಯುತ್ತದೆ. ವೆಲ್ಡಿಂಗ್ ಜಾಗದಿಂದ ದೂರ ಇಡಿ. ದಕ್ಕೆಯಲ್ಲಿ ನೀರಿಗೆ, ನಮ್ಮೂರಲ್ಲಿ ನಾಲೆಗೆ ಸುರಿಯಬೇಡಿ, ಹಳೆ ಆಯಿಲ್ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಿ.

ಹೊಸ ಆಯಿಲ್ ಹಾಕಿ ಬಿಸಿ ಎಂಜಿನ್‌ನ ಆಯಿಲ್ ಪ್ರೆಶರ್ ಬರೆದಿಡಿ. ಹತ್ತು ಗಂಟೆ ಓಡಿದ ಮೇಲೆ ಮತ್ತೆ ಕಾಗದದ ಮೇಲೆ ಹನಿ ಬಿಡಿ. ಬೋಟ್ ನೀರಿನಲ್ಲಿ, ಖಾಲಿ ಇದ್ದಾಗ, ಗೇಜ್ ಕಡ್ಡಿಗೆ ಹೊಸ ಗೆರೆ ಎಳೆಯಿರಿ. ಅಂಕೋಲಾದ ತಾಂಡೇಲರಿಗೆ ಹಾಗೇ ಹೇಳಿ ಬಂದಿದ್ದೆ. ಅವರು ಎಂಟು ದಿನ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿಯ ಫೋಟೊ ಕಳಿಸಿದರು. ಎಂಟೂ ಫೋಟೊದಲ್ಲಿ ಆಯಿಲ್ ಆ ಗೆರೆಯಲ್ಲೇ ನಿಂತಿತ್ತು. ಒಂಬತ್ತನೇ ದಿನ ಅವರು ಬಲೆ ಹೇರಿಕೊಂಡು ಹೊರಟರು.